ಪ್ರ್ಯಾನಿಕ್ ಕೈಗಿತ್ತ ಮೇಲೆ

ತೂಲಾ
16 ಸೆಪ್ಟೆಂಬರ್ 1978, ಶನಿವಾರ

ನನ್ನ ಮುದ್ದು ರಿಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ನಾನು ಹುಷಾರಾಗಿದ್ದೇನೆ. ಮಂಡಿನೋವು ಗೊರೊಡೆಟ್ಸಿನ ಮನೆಯಲ್ಲೇ ಉಳಿದುಕೊಂಡಿತು, ಹೊಟ್ಟೆ ಮಾತ್ರ ನನ್ನ ಜೊತೆ ಬಂದಿದೆ. ಹಡಗುಕಟ್ಟೆಯ ಕಾರ್ಮಿಕ ಸಂಘದವರಿಗೆ ಕೊನೆಗೂ ಕ್ಯಾಂಟೀನಿನ ಹೆಂಗಸರೂ ಮನುಷ್ಯರೇ ಎಂದು ಹೊಳೆದು, ನಮ್ಮನ್ನೆಲ್ಲ ತೂಲಾ ನೋಡಲು ಕಳಿಸಿದ್ದಾರೆ. ಇಷ್ಟು ವರ್ಷ ಬೇರೆಯವರಿಗೆ ಬಡಿಸಿದವಳು ನಾನು. ಇಲ್ಲಿ ಕೂತ ಕಡೆ ತಟ್ಟೆ ಬರುತ್ತದೆ, ಖಾಲಿಯಾದ ತಟ್ಟೆಯನ್ನು ಇನ್ಯಾರೋ ಎತ್ತಿಕೊಂಡು ಹೋಗುತ್ತಾರೆ. ಮೊದಲ ಊಟದಲ್ಲಿ ಕೈ ತಡೆಯಲಾರದೆ ನಾನೇ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಬಿಟ್ಟೆ. ನ್ಯೂರಾ ಮೇಜಿನ ಕೆಳಗೆ ಕಾಲಿಗೆ ಒದ್ದಳು. ಪಾತ್ರೆ ತೊಳೆಯುವ ಕೋಣೆಯಲ್ಲಿ ಮೂರು ಹೊತ್ತು ನನ್ನ ಜೊತೆ ಜಗಳವಾಡಿದ್ದು ಸಾಲದೆಂದು ಪ್ರವಾಸದಲ್ಲೂ ನನ್ನ ಕೋಣೆಯಲ್ಲೇ ಮಲಗುತ್ತಾಳೆ.

ಇಲ್ಲಿಯ ಎಲೆಕೋಸಿನ ಸಾರು ಚೆನ್ನಾಗಿದೆ, ಆದರೆ ಕೋಸನ್ನು ಅವಸರಪಡಿಸಿದ್ದಾರೆ. ಶ್ಚಿ ಎಂದರೆ ಒಲೆಯೊಳಗೆ ರಾತ್ರಿಯಿಡೀ ಸುಮ್ಮನೆ ಕೂರಬೇಕು, ಆಗಲೇ ಅದಕ್ಕೆ ಬುದ್ಧಿ ಬರುವುದು. ಉಪ್ಪೂ ಕಮ್ಮಿ. ಅಣಬೆ ತುಂಬಿ ಸುಟ್ಟ ಪಿರೋಗಿಗೆ ಮಾತ್ರ ನಾನು ತಲೆಬಾಗಿದೆ. ಮೇಲಿನ ಹಿಟ್ಟು ಎಷ್ಟು ತೆಳುವೆಂದರೆ ಒಳಗಿನ ಅಣಬೆ ಉಸಿರಾಡುವುದು ಕಾಣುತ್ತಿತ್ತು.

ಇನ್ನು ಪ್ರ್ಯಾನಿಕ್ ವಿಷಯ. ಇವರೂ ನಮ್ಮ ಹಾಗೆಯೇ ಜೇನು ಬೆರೆಸಿದ ಹಿಟ್ಟನ್ನು ಕೆತ್ತನೆಯ ಹಲಗೆಗೆ ಒತ್ತಿ, ಕೇಕಿನ ಹಾಗೆ ಒಲೆಯಲ್ಲಿ ಸುಡುತ್ತಾರೆ. ಆದರೆ ನಡುವೆ ಜಾಮ್ ತುಂಬುತ್ತಾರೆ ಮಗಳೇ, ಜಾಮ್. ಹಿಟ್ಟು ಒಳ್ಳೆಯದಾಗಿದ್ದರೆ ಅದಕ್ಕೆ ಜಾಮಿನ ಆಸರೆ ಯಾಕೆ? ಅಂಗಡಿಯವಳನ್ನು ಅದನ್ನೇ ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗೊರೊಡೆಟ್ಸಿನವರೋ ಎಂದಳು. ಪ್ರ್ಯಾನಿಕ್ಕಿನ ಮಾತು ಬಂದರೆ ಈ ಎರಡು ಊರಿನವರಿಗೆ ಮೈಮೇಲೆ ಬರುತ್ತದೆ ಎಂದು ಗೊತ್ತಿದ್ದೂ ಕೆಣಕಿದ್ದು ನನ್ನದೇ ತಪ್ಪು. ಅಲ್ಲೇ ನಿಂತು ನಾನು ಎರಡು ತಿಂದೆ ಎಂದು ನ್ಯೂರಾ ನಿನಗೆ ಬರೆದರೆ ನಂಬಬೇಡ.

ಇವತ್ತು ಸಂಜೆ ಉದ್ಯಾನಕ್ಕೆ ಹೋಗಿದ್ದೆವು. ಶನಿವಾರವಾದರೆ ತಿದಿಯೊತ್ತಿ ಗರ್ಮೋನ್ ವಾದ್ಯ ನುಡಿಸುವ ಊರಿನವರೆಲ್ಲ ಮರಗಳ ಕೆಳಗೆ ಸೇರುತ್ತಾರೆ. ಒಬ್ಬರು ಕೆಣಕುವ ಪದ ಹಾಡುವುದು, ಇನ್ನೊಬ್ಬರು ತಿರುಗಿ ಹಾಡುವುದು, ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಗುವುದು. ನ್ಯೂರಾ ನನ್ನನ್ನು ನಡುವಿಗೆ ತಳ್ಳಿದಳು. ಎದುರಿಗೆ ದಪ್ಪ ಕನ್ನಡಕದ ಒಬ್ಬ ಮನುಷ್ಯ, ಹಾಡದೆ ಬರೀ ನುಡಿಸುತ್ತಾ ಕೂತಿದ್ದ. ನನ್ನ ಬಾಯಿಂದ ಬಂದೇಬಿಟ್ಟಿತು:

ತೂಲಾ ಊರಿನ ಸಮೊವಾರಿಗೆ ಹೊಟ್ಟೆ ದೊಡ್ಡದು,
ನುಡಿಸೋ ಗಂಡಿಗೆ ನಾಲಿಗೆ ಇಲ್ಲ, ಬೆರಳೇ ಹಾಡೋದು!

ಜನ ಕೂಗಿ ಕುಣಿದರು. ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ನಿಧಾನವಾಗಿ ಹಾಡಿದ:

ವೋಲ್ಗಾ ಕಡೆಯ ಅಡುಗೆಯಕ್ಕ ಉಪ್ಪು ಕಮ್ಮಿ ಅಂತಾಳೆ,
ನಮ್ಮನೆ ಸಾರಿನ ರುಚಿ ನೋಡೋಕೆ ಎಂದು ತಾನೇ ಬರ್ತಾಳೆ?

ನಾನು ಅಡುಗೆಯವಳೆಂದೂ ಉಪ್ಪಿನ ಬಗ್ಗೆ ಗೊಣಗಿದೆನೆಂದೂ ಅವನಿಗೆ ಹೇಗೆ ಗೊತ್ತು? ನ್ಯೂರಾಳ ಬಾಯಿ, ಇನ್ನೇನು. ಹೆಸರು ಸವೇಲಿ ಕುಜ್ಮಿಚ್. ಗರ್ಮೋನಿನ ನಾಲಿಗೆಗಳನ್ನು ಶ್ರುತಿ ಮಾಡುವುದು ಕಸುಬು. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತಂತೆ. ಇದನ್ನೂ ನ್ಯೂರಾಳೇ ವಿಚಾರಿಸಿದ್ದು, ನಾನಲ್ಲ. ನಾಳೆ ನಮಗೆ ಊರು ತೋರಿಸುತ್ತಾನಂತೆ.

ನಿನ್ನ ಆ ಹಿಮದ ಹವಾಮಾನ ಠಾಣೆಯಲ್ಲಿ ಬೆಚ್ಚಗಿರು. ಉಣ್ಣೆಯ ಕಾಲುಚೀಲ ಪಾರ್ಸೆಲ್ ಮಾಡಿದ್ದೇನೆ.

ಮುತ್ತು ಕೊಡುವ,
ಅಮ್ಮ


ಗೊರೊಡೆಟ್ಸ್
20 ಸೆಪ್ಟೆಂಬರ್ 1978

ರಿಮ್ಮಾ,

ಊರಿಗೆ ಬಂದು ಮುಟ್ಟಿದೆ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವ ಮೊದಲೇ ಬರೆಯುತ್ತಿದ್ದೇನೆ.

ಭಾನುವಾರ ಸ್ವರ್ಗವಾಗಿತ್ತು. ಕೆಂಪು ಕೋಟೆಗೋಡೆಯ ಸುತ್ತ ನಡೆದೆವು. ಬೀದಿಯಲ್ಲಿ ಪೀಪಾಯಿಯಿಂದ ತಣ್ಣನೆಯ ಕ್ವಾಸ್ ಕುಡಿದೆವು, ರೈ ಬ್ರೆಡ್ಡನ್ನೇ ಹಿಂಡಿ ಲೋಟಕ್ಕೆ ಬಿಟ್ಟಹಾಗಿತ್ತು. ಸವೇಲಿ ಕುಜ್ಮಿಚ್ ತನ್ನ ಕೆಲಸದ ಕೋಣೆ ತೋರಿಸಿದ. ಹಿತ್ತಾಳೆಯ ಸಣ್ಣ ನಾಲಿಗೆಯನ್ನು ಅರದಲ್ಲಿ ಒಂದು ಸಲ ಸವರಿ ಊದಿದ, ಮತ್ತೆ ಸವರಿ ಊದಿದ. ನನಗೆ ಎರಡೂ ಒಂದೇ ಎನಿಸಿತು. ಅವನು ಮಾತ್ರ ಈಗ ಸರಿಹೋಯಿತು ಎಂದು ಎಷ್ಟು ಖುಷಿಪಟ್ಟನೆಂದರೆ ನನಗೂ ಸರಿಹೋದಂತೆ ಕೇಳಿಸಿತು. ಅವನದು ಮಾತು ಕಮ್ಮಿ. ನಾನು ಮಾತಾಡಿದೆ. ಎಷ್ಟೋ ವರ್ಷಗಳಿಂದ ಅಷ್ಟು ಮಾತಾಡಿರಲಿಲ್ಲ.

ಸೋಮವಾರ ಮಧ್ಯಾಹ್ನ ರೈಲಿಗೆ ಮೊದಲು ಚಹಾಕ್ಕೆ ಕರೆದಿದ್ದ. ನ್ಯೂರಾ ಚಹಾದ ನೀರು ಕಾಯಿಸುವ ಸಮೊವಾರ್ ಕೊಳ್ಳುವ ಸಾಲಿನಲ್ಲಿ ನಿಂತಿದ್ದಳು, ಬೇಕೆಂದೇ ನಿಂತಿದ್ದಳು ಎಂದು ಈಗ ಗೊತ್ತಾಗುತ್ತಿದೆ. ನಾನೊಬ್ಬಳೇ ಹೋದೆ. ಗಂಡಸಿನ ಮನೆ ಎಂದು ನಂಬಲಾಗದು. ಒಗೆದ ಮೇಜುಬಟ್ಟೆ, ಸಬ್ಬಸಿಗೆ ಹಾಕಿ ಉಪ್ಪಿನಲ್ಲಿಟ್ಟ ಸೌತೆಕಾಯಿ, ಹುಳಿಕೆನೆಯ ಜೊತೆ ಬಿಸಿ ಆಲೂಗಡ್ಡೆ, ಅವನೇ ಮಾಡಿದ ಶ್ಚಿ. ಅದು ರಾತ್ರಿಯಿಡೀ ಒಲೆಯಲ್ಲಿ ಕೂತಿತ್ತು, ಮೊದಲ ಚಮಚಕ್ಕೇ ಗೊತ್ತಾಯಿತು. ಉಪ್ಪು ಸರಿಯಾಗಿತ್ತು. ಇದನ್ನು ಬಾಯಿಬಿಟ್ಟು ಹೇಳಿದೆ ಕೂಡ, ನನ್ನ ಆಯಸ್ಸಿನಲ್ಲಿ ಇನ್ನೊಬ್ಬರ ಸಾರಿಗೆ ನಾನು ಹೀಗೆ ಹೇಳಿದ್ದು ನಿನಗೆ ನೆನಪಿದೆಯೇ?

ಸಮೊವಾರ್ ಗುಂಯ್ ಎನ್ನುತ್ತಿತ್ತು. ಅವನು ಕನ್ನಡಕ ತೆಗೆದು ಒರೆಸಿ, "ಸೆರಫೀಮಾ ಯೆಗೋರೊವ್ನಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು" ಎಂದ. ನಾನು ಕೂದಲು ಸರಿಮಾಡಿಕೊಂಡೆ, ಈ ವಯಸ್ಸಿನಲ್ಲಿ. ಅವನು ಅಷ್ಟಕ್ಕೇ ಎದ್ದು ಹೋಗಿ ಕಪಾಟಿನಿಂದ ದೊಡ್ಡ ಪ್ರ್ಯಾನಿಕ್ ತಂದ. ಚಾಕು ತೆಗೆದುಕೊಂಡು ಕತ್ತರಿಸಿದ. ತುಂಡನ್ನು ತಟ್ಟೆಗೂ ಹಾಕಲಿಲ್ಲ, ನನ್ನ ಅಂಗೈಗೇ ಇಟ್ಟ.

ಊಟವಾದ ಮೇಲೆ ಪ್ರ್ಯಾನಿಕ್ ಕತ್ತರಿಸಿ ಕೈಗೆ ಕೊಟ್ಟರೆ ನಮ್ಮಲ್ಲಿ ಏನರ್ಥ? ಬಂದದ್ದು ಸಂತೋಷ, ಇನ್ನು ಹೊರಡಿ. ಎಷ್ಟು ಮದುವೆಗಳಲ್ಲಿ ನಿನ್ನಜ್ಜಿ ಹಾಗೆ ತುಂಡು ಹಂಚಿ, ಏಳಲೊಲ್ಲದ ನೆಂಟರನ್ನು ಎಬ್ಬಿಸಿದ್ದಾಳೆ! 'ಓಡಿಸುವ ಪ್ರ್ಯಾನಿಕ್' ಎಂದೇ ಅದರ ಹೆಸರು. ಹೇಳಬೇಕೆಂದಿದ್ದ ಒಂದು ಮಾತು ಅದೇ ಇರಬೇಕು. ನಾನು ಎದ್ದೆ. ಹೊರಡುತ್ತೇನೆ ಎಂದೆ. ಅವನು ಬಿಳುಚಿಕೊಂಡು ನಿಂತ, ಆಮೇಲೆ ಹೋಗಿ ನನ್ನ ಕೋಟನ್ನು ತಂದು ತೋಳು ಹಿಡಿದುಕೊಟ್ಟ. ನೋಡಿದೆಯಾ, ಕೋಟನ್ನೂ ತಂದುಕೊಟ್ಟ.

ರೈಲಿನಲ್ಲಿ ನ್ಯೂರಾ ಸಮೊವಾರನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಬೈದಳು. "ಸೀಮಾ, ನಿನ್ ತಲೇಲಿ ಇರೋದು ಮೆದುಳಾ, ಬೇಯಿಸಿದ ಕೋಸಾ?" ಎಂದಳು. ನಾನು ಕಿಟಕಿ ನೋಡುತ್ತಾ ಕೂತೆ. ಆ ತುಂಡು ಕೋಟಿನ ಜೇಬಿನಲ್ಲಿತ್ತು. ಮುರೋಮ್ ದಾಟಿದ ಮೇಲೆ ತಿಂದೆ. ಜಾಮ್ ಇತ್ತು. ಚೆನ್ನಾಗಿತ್ತು, ಅದೇ ಇನ್ನೂ ಸಿಟ್ಟು.

ಈ ವಿಷಯ ಇಲ್ಲಿಗೆ ಮುಗಿಯಿತು. ನಿನ್ನ ಕಡೆ ಬಿಸಿಲು ಎಂದಿನಿಂದ ನಿಲ್ಲುತ್ತದೆ? ಕಾಲುಚೀಲ ಬಂತೇ?

ಅಮ್ಮ


ಕಾರಾ ಸಮುದ್ರ ತೀರ, ಹವಾಮಾನ ಠಾಣೆ
29 ಅಕ್ಟೋಬರ್ 1978

ಅಮ್ಮಾ,

ಗಾಳಿ ನಿಂತು ಹೆಲಿಕಾಪ್ಟರ್ ಇಳಿಯಿತು. ನಿನ್ನ ಎರಡು ಪತ್ರಗಳೂ, ಕಾಲುಚೀಲವೂ ಒಟ್ಟಿಗೆ ಬಂದವು. ಮೊದಲನೆಯದನ್ನು ಓದಿ ನಕ್ಕು ನಕ್ಕು ಸಾಕಾಯಿತು. ಅಡುಗೆಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ, ನಿನ್ನ ಪದವನ್ನು ಇಲ್ಲಿ ಈಗ ಎಲ್ಲರೂ ಹಾಡುತ್ತಾರೆ. ನಮ್ಮ ಠಾಣೆಯ ಮುಖ್ಯಸ್ಥರಿಗೂ ಹೊಟ್ಟೆ ದೊಡ್ಡದು, ಅವರಿಗೆ ಅಷ್ಟೊಂದು ಇಷ್ಟವಾಗಿಲ್ಲ.

ಊರು, ಕೋಟೆ, ಕ್ವಾಸ್ ಎಂದೆಲ್ಲ ಬರೆಯಲು ಕೂತಿದ್ದೀಯ, ಎರಡು ವಾಕ್ಯಕ್ಕೊಮ್ಮೆ ಆ ಮನುಷ್ಯನ ಕನ್ನಡಕ ಇಣುಕುತ್ತದೆ. ನಾನು ಮಗುವಲ್ಲ ಅಮ್ಮ, ನನಗೂ ಇಪ್ಪತ್ತೊಂಬತ್ತಾಯಿತು.

ಎರಡನೆಯದನ್ನು ಯಾರಿಗೂ ಓದಿ ಹೇಳಲಿಲ್ಲ. ನಮ್ಮ ರೇಡಿಯೋ ಆಪರೇಟರ್ ತೂಲಾದವನು. ನಿಮ್ಮ ಮನೆಯಲ್ಲಿ ಪ್ರ್ಯಾನಿಕ್ ಯಾವಾಗ ಕತ್ತರಿಸುತ್ತಾರೆ ಎಂದು ಅವನನ್ನು ಕೇಳಿದೆ. ಚಹಾದ ಜೊತೆ, ಇನ್ನು ಯಾವಾಗ, ಎಂದ. ಕೈಗೆ ಕೊಟ್ಟರೆ? ಯಾರು ಬೇಕಾದವರೋ ಅವರಿಗೆ ಮೊದಲ ತುಂಡು ಅಮ್ಮ ಕೈಗೇ ಕೊಡುತ್ತಾಳೆ ಎಂದ. ಕೊಟ್ಟ ಮೇಲೆ ಎದ್ದು ಹೋಗಬೇಕಾ ಎಂದರೆ, ಅವನು ನನ್ನ ಹಣೆ ಮುಟ್ಟಿ ಜ್ವರ ನೋಡಿದ.

ಆದರೆ ಇದನ್ನು ನಾನು ನಿನಗೆ ಹೇಳಬೇಕಾಗಿಯೇ ಇಲ್ಲ. ನೀನು ಆ ಊರಿನಲ್ಲಿ ನಾಲ್ಕು ದಿನ ಇದ್ದೆ. ಅಂಗಡಿಯಲ್ಲಿ, ಬೀದಿಯಲ್ಲಿ, ಬೆಂಚಿನ ಮೇಲೆ ಜನ ಪ್ರ್ಯಾನಿಕ್ ತಿನ್ನುವುದನ್ನು ನೋಡಿದೆ, ನೀನೂ ನಿಂತುಕೊಂಡೇ ಎರಡು ತಿಂದೆ. ಅಲ್ಲಿ ಅದರಿಂದ ಯಾರನ್ನೂ ಓಡಿಸುವುದಿಲ್ಲ ಎಂದು ನಿನಗೆ ಗೊತ್ತಿತ್ತು. ಅವನು ಒಂದು ಮಾತು ಹೇಳಬೇಕೆಂದ, ಆ ಮಾತು ಯಾವುದೆಂದು ನಿನಗೆ ಗೊತ್ತಿತ್ತು. ಹೆದರಿದೆ ಅಮ್ಮ. ಹೆದರಿ, ಅಜ್ಜಿಯ ಪ್ರ್ಯಾನಿಕ್ಕನ್ನು ಅಡ್ಡ ಹಿಡಿದುಕೊಂಡು ಓಡಿ ಬಂದೆ.

ಅವನು ಬರೆದನೇ? ಬರೆದಿದ್ದರೆ ಉತ್ತರ ಕೊಡು.

ಬಿಸಿಲು ಇನ್ನು ಕೆಲವು ದಿನ ಅಷ್ಟೇ. ಈಗಲೇ ದಿಗಂತದ ಮೇಲೆ ಒಂದು ಕಿತ್ತಳೆ ಗೆರೆ ಎದ್ದು, ಚಹಾ ಆರುವುದರೊಳಗೆ ಹೋಗಿಬಿಡುತ್ತದೆ.

ನಿನ್ನ,
ರಿಮ್ಮಾ


ಗೊರೊಡೆಟ್ಸ್
26 ನವೆಂಬರ್ 1978

ರಿಮ್ಮಾ,

ನಿನ್ನ ಪತ್ರ ಓದಿ ಎರಡು ದಿನ ಕ್ಯಾಂಟೀನಿನಲ್ಲಿ ಎಲ್ಲರ ಮೇಲೆ ರೇಗಿದೆ. ಮೂರನೆಯ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಹಡಗುಕಟ್ಟೆಯ ಗಂಡಸರು ಗಾಬರಿಯಾಗಿ, ಸೆರಫೀಮಾಗೆ ಏನಾಯಿತೆಂದು ಅಡುಗೆಮನೆಗೇ ಬಂದು ವಿಚಾರಿಸಿದರು.

ಹೌದು, ಅವನು ಬರೆದ. ಚಿಕ್ಕ ಪತ್ರ. ನನ್ನಿಂದ ಏನು ತಪ್ಪಾಯಿತೆಂದು ತಿಳಿಯುತ್ತಿಲ್ಲ, ಅವತ್ತಿನ ಸೌತೆಕಾಯಿ ಹುಳಿ ಜಾಸ್ತಿಯಾಗಿತ್ತೇ ಎಂದು ಕೇಳಿದ್ದಾನೆ. ನಾನು ಉತ್ತರ ಬರೆದಿಲ್ಲ. ಪೆನ್ನು ಹಿಡಿದು ಕೂತರೆ ನಿನ್ನಪ್ಪನ ಕುರ್ಚಿ ಎದುರಿಗೆ ಕಾಣುತ್ತದೆ. ಮಕಾರ್ ಇದ್ದಿದ್ದರೆ ಏನೂ ಅನ್ನುತ್ತಿರಲಿಲ್ಲ, ಅವನು ಯಾವತ್ತು ಏನಂದ? ಆದರೆ ನೀನಿದ್ದೀಯ. ಅಪ್ಪ ಎಂದರೆ ನಿನಗೆ ಜೀವ. ಅವನ ಮನೆಗೆ ಬೀಗ ಹಾಕಿ ನಾನು ಇನ್ಯಾರದೋ ಮನೆಯಲ್ಲಿ ಸಮೊವಾರ್ ಹಚ್ಚಿದರೆ ನೀನು ನನ್ನ ಮುಖ ನೋಡುತ್ತೀಯೋ ಇಲ್ಲವೋ ಎಂದು ಹೆದರಿದೆ. ಅಂಗೈಗೆ ತುಂಡು ಬಿದ್ದಾಗ ಕಣ್ಣಿಗೆ ಕಟ್ಟಿದ್ದು ನಿನ್ನ ಮುಖ. ಅದಕ್ಕೇ ಎದ್ದೆ. ಹೇಳಬೇಕಾದ್ದನ್ನು ಹೇಳಿದೆ.

ಈಗ ನನ್ನದೂ ಒಂದು ಮಾತಿದೆ, ಕೇಳು. ನಾನು ಒಂದು ಮೇಜಿನಿಂದ ಎದ್ದು ರೈಲು ಹತ್ತಿದೆ ಅಷ್ಟೆ. ನೀನು ಅಪ್ಪ ತೀರಿಕೊಂಡ ನಲವತ್ತನೆಯ ದಿನದ ಊಟಕ್ಕೆ ಎಲ್ಲರಿಗೂ ಬಡಿಸಿ, ತಟ್ಟೆ ತೊಳೆದಿಟ್ಟು, ಮಾರನೆಯ ದಿನವೇ ಉತ್ತರದ ಕೆಲಸಕ್ಕೆ ಅರ್ಜಿ ಹಾಕಿದೆ. ಆಮೇಲೆ ಎಂಟು ವರ್ಷ. ರಜೆ ಸಿಕ್ಕರೆ ದಕ್ಷಿಣದ ಸಮುದ್ರಕ್ಕೆ ಹೋಗುತ್ತೀಯ, ಗೆಳತಿಯರ ಊರಿಗೆ ಹೋಗುತ್ತೀಯ, ನನಗೆ ಪಾರ್ಸೆಲ್ ಕಳಿಸುತ್ತೀಯ. ಮನೆಗೆ ಬರುವುದಿಲ್ಲ. ಯಾಕೆ ಎಂದು ನಾನು ಒಂದು ಸಲವೂ ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ. ಆದರೆ ಓಡಿಹೋಗುವವರ ಬಗ್ಗೆ ನನಗೆ ಪಾಠ ಹೇಳುವ ಮೊದಲು ಇದನ್ನೊಂದಿಷ್ಟು ಯೋಚಿಸು.

ಗಟ್ಟಿಯಾಗಿ ಬರೆದುಬಿಟ್ಟೆ. ಹರಿಯದೆ ಹಾಗೇ ಹಾಕುತ್ತಿದ್ದೇನೆ.

ನಿನ್ನನ್ನು ಬಹಳ ಪ್ರೀತಿಸುವ,
ಅಮ್ಮ


ತೂಲಾ
15 ಜನವರಿ 1979

ರಿಮ್ಮಾ, ನನ್ನ ಬಂಗಾರ,

ನಿನ್ನ ಉತ್ತರ ಬರಲಿಲ್ಲ. ಹೆಲಿಕಾಪ್ಟರ್ ಹಾರಲಿಲ್ಲವೋ, ನೀನು ಬರೆಯಲಿಲ್ಲವೋ ಗೊತ್ತಿಲ್ಲ. ಕಾದೆ. ಹೊಸವರ್ಷದ ಚಳಿಗೆ ಊರಿನ ನಲ್ಲಿಗಳೆಲ್ಲ ಒಡೆದುಹೋದವು, ನಾನು ಒಲೆಯ ಪಕ್ಕ ಒಬ್ಬಳೇ ಕೂತು, ಇಡೀ ಗೊರೊಡೆಟ್ಸಿಗೆ ಸಾಕಾಗುವಷ್ಟು ಮಾಂಸ ತುಂಬಿದ ಕಡುಬು, ಪೆಲ್ಮೆನಿ ಮಾಡಿದೆ. ಯಾರಿಗಾಗಿ? ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ. ಹಳೆಯ ಪಂಚಾಂಗದ ಹೊಸವರ್ಷಕ್ಕೆ, ಜನವರಿ ಹದಿಮೂರರ ರಾತ್ರಿಗೆ, ತೂಲಾದಲ್ಲಿರಬೇಕು ಎಂದು ತೀರ್ಮಾನಿಸಿದೆ. ಪೆಲ್ಮೆನಿಯನ್ನು ಕಿಟಕಿಯಾಚೆ ಹೆಪ್ಪುಗಟ್ಟಿಸಿ ಚೀಲಕ್ಕೆ ತುಂಬಿಕೊಂಡೆ. ನ್ಯೂರಾ ರೈಲುನಿಲ್ದಾಣದವರೆಗೆ ಬಂದಳು, ನಾನು ಇಳಿದುಬಿಟ್ಟೇನೆಂದು ರೈಲು ಹೊರಡುವವರೆಗೂ ಬಾಗಿಲ ಬಳಿ ಕಾವಲು ನಿಂತಿದ್ದಳು.

ಮಾಸ್ಕೋದಲ್ಲಿ ರೈಲು ಬದಲಿಸಿ ತೂಲಾಕ್ಕೆ ಬಂದೆ. ಊರು ಬೆಳ್ಳಗೆ, ಹೊಗೆಗೂಡುಗಳ ಹೊಗೆ ನೆಟ್ಟಗೆ ನಿಂತಿತ್ತು. ರೆಪ್ಪೆ ಅಂಟಿಕೊಳ್ಳುವ ಚಳಿಯಲ್ಲೂ ಮಾರುಕಟ್ಟೆಯ ಹೆಂಗಸರು ಪಿರೋಗ್ ಮಾರುತ್ತಿದ್ದರು. ಧೈರ್ಯಕ್ಕೆಂದು ಒಂದು ಕೊಂಡು ತಿಂದೆ, ಬಿಸಿ ಕೋಸಿನದು, ನಾಲಿಗೆ ಸುಟ್ಟಿತು. ಸುಟ್ಟ ನಾಲಿಗೆಯಲ್ಲೇ ಹೋಗಿ ಅವನ ಬಾಗಿಲು ತಟ್ಟಿದೆ.

ಅವನು ತೆಗೆದ. ಕನ್ನಡಕಕ್ಕೆ ಮಂಜು ಕವಿದು ಯಾರೆಂದೇ ಕಾಣಲಿಲ್ಲ ಅವನಿಗೆ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದೆ:

"ಸವೇಲಿ ಕುಜ್ಮಿಚ್, ಅವತ್ತು ನೀವು ಒಂದು ಮಾತು ಹೇಳ್ಬೇಕು ಅಂದಿದ್ರಿ. ಅದನ್ನ ಕೇಳೋಕೆ ಬಂದೆ."

ಅವನು ಕನ್ನಡಕ ತೆಗೆದ. ಒರೆಸಲು ಮರೆತ.

"ಹೊಸ್ತಿಲ ಮೇಲೆ ಹೇಳೋ ಮಾತಲ್ಲ ಅದು. ಮೊದ್ಲು ಒಳಗೆ ಬನ್ನಿ" ಎಂದ.

ಒಳಗೆ ಹೋದೆ. ಮನುಷ್ಯ ಮಾತು ಬಿಟ್ಟು ಊಟಕ್ಕೆ ಹಾಕಿದ. ಹಂದಿಕಾಲಿನ ರಸ ಹೆಪ್ಪುಗಟ್ಟಿಸಿದ್ದು, ಅದರ ಜೊತೆ ಮೂಗಿಗೆ ಹತ್ತುವ ಸಾಸಿವೆ. ಬೀಟ್‌ರೂಟಿನ ಹೊದಿಕೆಯ ಕೆಳಗೆ ಹೆರಿಂಗ್ ಮೀನು. ನನ್ನ ಪೆಲ್ಮೆನಿ ಕುದಿಯಿತು. ನಾನು ಗೊರೊಡೆಟ್ಸಿನ ಕಥೆ ಹೇಳಿದೆ, ಓಡಿಸುವ ಪ್ರ್ಯಾನಿಕ್ಕಿನ ಕಥೆ. ಅವನು ಕೇಳುತ್ತಾ ಕೇಳುತ್ತಾ ಕೆಂಪಗಾದ. ಆಮೇಲೆ ಹೆಗಲು ಕುಲುಕಿಸಿ ನಕ್ಕ, ಸದ್ದೇ ಇಲ್ಲದೆ ನಗುತ್ತಾನೆ, ಕಣ್ಣಲ್ಲಿ ನೀರು ಬಂತು. ಅವತ್ತು ಮಾತು ಹೊರಡಲೇ ಇಲ್ಲವಂತೆ, ಕೈಗೆ ಏನಾದರೂ ಕೆಲಸ ಕೊಟ್ಟರೆ ಸಲೀಸಾಗಿ ಬಂದೀತು ಎಂದು ಪ್ರ್ಯಾನಿಕ್ ಕತ್ತರಿಸಿದನಂತೆ. ನಾನು ಹೊರಡುತ್ತೇನೆ ಎಂದದ್ದಕ್ಕೆ, ಇವಳಿಗೆ ನಾನು ಹಿಡಿಸಲಿಲ್ಲ ಎಂದುಕೊಂಡನಂತೆ.

ಊಟವಾದ ಮೇಲೆ ಹೇಳಿದ. ಉದ್ದ ಮಾತೇನಲ್ಲ.

"ನೀವು ಇಲ್ಲೇ ಇದ್ಬಿಟ್ರೆ ನಂಗೆ ಸಂತೋಷ ಆಗತ್ತೆ."

"ಇರ್ತೀನಿ" ಎಂದೆ.

ಅಷ್ಟೇ ಮಗಳೇ. ಇಷ್ಟಕ್ಕೆ ನಾನು ನಾಲ್ಕು ತಿಂಗಳು ಒದ್ದಾಡಿದ್ದು! ಆಮೇಲೆ ಅವನು ಗರ್ಮೋನ್ ತೆಗೆದ, ಪಕ್ಕದ ಮನೆಯವರೆಲ್ಲ ಬಂದರು, ನಾನು ಹಾಡಿದೆ, ಕುಣಿದೆ, ಮಂಡಿ ಒಂದು ಮಾತೂ ಆಡಲಿಲ್ಲ. ಇವತ್ತೂ ಬೆಳಿಗ್ಗೆ ಎದ್ದವಳೇ ಕಾರಣವಿಲ್ಲದೆ ನಕ್ಕೆ. ಇಷ್ಟು ಖುಷಿ ನನ್ನೊಳಗೆ ಎಲ್ಲಿ ಕೂತಿತ್ತೋ.

ನಿನ್ನ ಅಪ್ಪಣೆ ಕೇಳುತ್ತಿಲ್ಲ ರಿಮ್ಮಾ, ತಿಳಿಸುತ್ತಿದ್ದೇನೆ. ಕೇಳಿದರೆ ನೀನು ಒಳ್ಳೆಯವಳಾಗಿ ಹೂಂ ಎನ್ನುತ್ತೀಯ, ಆಮೇಲೆ ಇನ್ನಷ್ಟು ದೂರ ಹೋಗುತ್ತೀಯ. ಅದು ನನಗೆ ಬೇಡ. ಅಪ್ಪನ ಫೋಟೋ ಜೊತೆಯಲ್ಲೇ ತಂದಿದ್ದೆ, ಪೆಟ್ಟಿಗೆಯಿಂದ ತೆಗೆಯಲು ಸಂಕೋಚಪಟ್ಟೆ. ಸವೇಲಿ ನೋಡಿ, ಸುತ್ತಿಗೆ ತಂದು ಮೊಳೆ ಹೊಡೆದ. ತನ್ನ ಹೆಂಡತಿಯ ಫೋಟೋದ ಪಕ್ಕದಲ್ಲಿ ಹಾಕಿದ್ದಾನೆ. ಇಬ್ಬರೂ ನಾವು ತಿನ್ನುವುದನ್ನು ನೋಡುತ್ತಾರೆ.

ವಿಳಾಸ ಲಕೋಟೆಯ ಹಿಂದಿದೆ. ಬರೆ. ಬೈಯುವುದಾದರೂ ಬರೆ.

ನಿನ್ನ ಅಮ್ಮ


ಕಾರಾ ಸಮುದ್ರ ತೀರ, ಹವಾಮಾನ ಠಾಣೆ
22 ಫೆಬ್ರವರಿ 1979

ಅಮ್ಮಾ, ಸವೇಲಿ ಕುಜ್ಮಿಚ್ ಅವರೇ,

ಲಕೋಟೆಯ ಮೇಲೆ ಹೊಸ ವಿಳಾಸ ಬರೆಯುವಾಗ ಕೈ ಒಂದು ಸಲ ನಿಂತಿತು. ಆಮೇಲೆ ಬರೆಯಿತು.

ಅಮ್ಮಾ, ನಿನ್ನ ನವೆಂಬರಿನ ಪತ್ರಕ್ಕೆ ಎಷ್ಟೋ ಸಲ ಉತ್ತರ ಬರೆದು ಹರಿದು ಹಾಕಿದೆ. ಮೊದಲು ನನ್ನದೇ ಸರಿ ಎಂದು ಬರೆದೆ. ಆಮೇಲೆ ಕೆಲಸ ಹೆಚ್ಚು ಎಂದು ಬರೆದೆ. ಯಾವುದೂ ನಿಜವಾಗಿರಲಿಲ್ಲ. ಅಪ್ಪನಿಲ್ಲದ ಮನೆಯ ಬಾಗಿಲು ತೆಗೆಯಲು ನನ್ನಿಂದಾಗಲಿಲ್ಲ ಅಮ್ಮ. ಆ ಬಾಗಿಲನ್ನು ನೀನು ದಿನಾ ತೆಗೆಯುತ್ತೀಯ ಎಂಬುದು ನನಗೆ ಹೊಳೆಯಲೇ ಇಲ್ಲ. ನಿನ್ನನ್ನು ಅಲ್ಲಿ ಒಬ್ಬಳನ್ನೇ ಬಿಟ್ಟು, ಬೆಚ್ಚಗಿನ ಕಾಲುಚೀಲ ಹಾಕಿಕೊಂಡು ಗಾಳಿಯ ವೇಗ ಅಳೆಯುತ್ತಾ ಕೂತೆ. ಕ್ಷಮಿಸು.

ತೂಲಾದ ಪತ್ರ ಓದಿದಾಗ ಮೊದಲು ಅತ್ತೆ. ಅಪ್ಪನಿಗಾಗಿ ಅತ್ತೆ, ಅವನು ಹೋದಾಗ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತೆ. ಅಡುಗೆಯವನು ಹೆದರಿ ಒಂದು ಬೋಗುಣಿ ಪೆಲ್ಮೆನಿ ತಂದಿಟ್ಟ. ಅದು ಖಾಲಿಯಾಗುವುದರೊಳಗೆ ನನಗೆ ನಗು ಬಂತು. ನೀನು ಚೀಲದಲ್ಲಿ ಪೆಲ್ಮೆನಿ ಕಟ್ಟಿಕೊಂಡು ಗಂಡು ಕೇಳಲು ಹೋದದ್ದನ್ನು ಎಲ್ಲರಿಗೂ ಹೇಳಿದೆ. ಮುಖ್ಯಸ್ಥರು ಎದ್ದು ನಿಂತು ನಿನ್ನ ಹೆಸರಿನಲ್ಲಿ ಲೋಟ ಎತ್ತಿದರು. ಹೊಟ್ಟೆಯ ವಿಷಯ ಕ್ಷಮಿಸಿದ್ದಾರಂತೆ.

ಸವೇಲಿ ಕುಜ್ಮಿಚ್ ಅವರೇ, ನನಗೆ ನಿಮ್ಮ ಪರಿಚಯವಿಲ್ಲ. ಅಪ್ಪನ ಫೋಟೋಗೆ ಮೊಳೆ ಹೊಡೆದಿರಲ್ಲ, ಅಷ್ಟು ಸಾಕು.

ಹತ್ತು ದಿನದ ಹಿಂದೆ ಸೂರ್ಯ ಮರಳಿ ಬಂದ. ಅದೇ ದಿನ ರಜೆಗೆ ಅರ್ಜಿ ಕೊಟ್ಟೆ, ಇವತ್ತು ಒಪ್ಪಿಗೆ ಬಂತು. ಈ ಸಲ ಸಮುದ್ರಕ್ಕಲ್ಲ. ಏಪ್ರಿಲಿನ ಮೊದಲ ವಿಮಾನಕ್ಕೆ ಮಾಸ್ಕೋ, ಅಲ್ಲಿಂದ ತೂಲಾ. ಆಮೇಲೆ ನಾವಿಬ್ಬರೂ ಗೊರೊಡೆಟ್ಸಿಗೆ ಹೋಗೋಣ ಅಮ್ಮ, ಆ ಬಾಗಿಲನ್ನು ನಾನೇ ತೆಗೆಯುತ್ತೇನೆ.

ಒಂದು ಮಾತು ಈಗಲೇ ಹೇಳಿರುತ್ತೇನೆ. ನಿಮ್ಮ ಮೇಜಿನಲ್ಲಿ ಕೂತಾಗ ನನಗೆ ಅಳು ಬರಬಹುದು. ಇಬ್ಬರೂ ಗಾಬರಿಯಾಗಬೇಡಿ, ತಟ್ಟೆ ಎತ್ತಬೇಡಿ. ನಾನು ಅಳುತ್ತಲೇ ತಿನ್ನುತ್ತೇನೆ.

ನಿಮ್ಮ,
ರಿಮ್ಮಾ